ಮೇಕ್‌ಫೈಲಿನ ಇನ್‌ಸ್ಟಾಲ್ ನಿಯಮ: ಚೀಲದ ಮೇಲೆ ಯಾವ ಊರಿನ ಹೆಸರು?

ಪ್ರಶ್ನೆ: ಸರ್, ನಮ್ಮದು ನಾಪೋಕ್ಲು. ತೋಟದ ಮಳೆ ಲೆಕ್ಕ ಇಡಲು 'ಮಳೆಲೆಕ್ಕ' ಅಂತ ಒಂದು ಸಣ್ಣ ಪ್ರೋಗ್ರಾಂ ಅನ್ನು ಸಿ ಭಾಷೆಯಲ್ಲಿ ಬರೆದಿದ್ದೇನೆ. ಮೇಕ್‌ಫೈಲೂ (ಪ್ರೋಗ್ರಾಂ ಕಟ್ಟಿ ಯಂತ್ರಕ್ಕೆ ಹಾಕುವ ನಿಯಮಗಳ ಫೈಲ್) ನನ್ನದೇ, ಜೊತೆಗೆ ಕಳಿಸಿದ್ದೇನೆ. ನನ್ನ ಲ್ಯಾಪ್‌ಟಾಪಿನಲ್ಲಿ 'ಸುಡೋ ಮೇಕ್ ಇನ್‌ಸ್ಟಾಲ್' (ಸುಡೋ ಅಂದರೆ ಯಂತ್ರದ ಯಜಮಾನ ರೂಟ್‌ನ ಅಧಿಕಾರದಲ್ಲಿ) ಕೊಟ್ಟರೆ ಯಾವ ತೊಂದರೆಯೂ ಇಲ್ಲ. ಪೊನ್ನಂಪೇಟೆಯಲ್ಲಿ ಇಂಜಿನಿಯರಿಂಗ್ ಓದುವ ಚಿಕ್ಕಪ್ಪನ ಮಗ ಇದನ್ನು ಡೆಬಿಯನ್ ಲಿನಕ್ಸಿನ ಪ್ಯಾಕೇಜ್ ಮಾಡಲು ಕೂತಾಗ ಮೊದಲು 'ಪರ್ಮಿಷನ್ ಡಿನೈಡ್' ಬಂತಂತೆ. ಸುಡೋ ಹಾಕಿ ಮಾಡಿದರೆ ಪ್ಯಾಕೇಜ್ ಆಯಿತು, ಆದರೆ ಅದರೊಳಗೆ ನನ್ನ ಪ್ರೋಗ್ರಾಮೇ ಇಲ್ಲ! ಇನ್‌ಸ್ಟಾಲ್ ನಿಯಮವನ್ನು ಹೇಗೆ ಬರೆಯಬೇಕು? ಫೈಲ್ ನಕಲು ಮಾಡಲು ಸಿಪಿ ಬಳಸಿದ್ದು ತಪ್ಪೇ?

ಉತ್ತರ: ಮೊದಲಿಗೆ, ನಿಮ್ಮ ಪ್ರೋಗ್ರಾಂ ಇಂಚು–ಸೆಂಟಿನಲ್ಲಿ (ಸೆಂಟ್ ಅಂದರೆ ಇಂಚಿನ ನೂರನೆಯ ಒಂದು ಪಾಲು) ಲೆಕ್ಕ ಇಡುವುದು ನೋಡಿ ಖುಷಿಯಾಯಿತು. ಪೇಪರಿನಲ್ಲಿ ಎಷ್ಟೇ ಮಿಲಿಮೀಟರ್ ಬರೆಯಲಿ, ನಮ್ಮ ತೋಟಗಳಲ್ಲಿ 'ನಿನ್ನೆ ಒಂದು ಇಂಚು ಇಪ್ಪತ್ತು ಸೆಂಟ್ ಹೊಡೀತು' ಅಂತಲೇ ಮಾತು. ಹೂ ಮಳೆ ಬಿದ್ದ ದಿನಾಂಕವನ್ನು ಬೇರೆಯಾಗಿ ಗುರುತು ಮಾಡುವ ಸೌಲಭ್ಯವನ್ನೂ ಇಟ್ಟಿದ್ದೀರಿ. ಇಂಥ ಪ್ರೋಗ್ರಾಂ ನಿಮ್ಮ ಒಂದು ಲ್ಯಾಪ್‌ಟಾಪಿನಲ್ಲೇ ಉಳಿಯಬಾರದು.

ಇನ್ನು ಮೇಕ್‌ಫೈಲಿಗೆ ಬರೋಣ. ನಿಮ್ಮ ಇನ್‌ಸ್ಟಾಲ್ ನಿಯಮದಲ್ಲಿ ಐದು ಸಾಲು ಇದೆ. ಪ್ರೋಗ್ರಾಂ ಅನ್ನು /ಯುಎಸ್‌ಆರ್/ಬಿನ್‌ಗೆ ಸಿಪಿ ಮಾಡುವ ಸಾಲು, ಮ್ಯಾನ್ ಪುಟದ್ದೊಂದು (ಬಳಕೆಯ ಕೈಪಿಡಿ), 'ಸೆಟ್ಟಿಂಗ್ಸ್ ಫೈಲ್ /ಇಟಿಸಿಯಲ್ಲಿ ಇಲ್ಲದಿದ್ದರೆ ಹಾಕು' ಅನ್ನುವುದೊಂದು, ಕನ್ನಡ ಅನುವಾದದ ಫೈಲುಗಳಿಗೆ ಒಂದು ಲೂಪ್, ಕೊನೆಗೆ ಹೋಮ್ ಫೋಲ್ಡರಿನಲ್ಲಿ ಡೇಟಾಗೆ ಜಾಗ ಮಾಡುವ ಸಾಲು. ಐದೂ ನಿಮ್ಮ ಯಂತ್ರದಲ್ಲಿ ಸರಿಯೇ. ಪ್ಯಾಕೇಜ್ ಮಾಡುವವರ ಕೈಗೆ ಹೋದರೆ ಐದೂ ಕೈಕೊಡುತ್ತವೆ, ಒಂದೊಂದೂ ಒಂದೊಂದು ರೀತಿ.

ನಿಮ್ಮ ಆ ತಮ್ಮನ (ಚಿಕ್ಕಪ್ಪನ ಮಗನ) ಯಂತ್ರದಲ್ಲಿ ಆಗಿದ್ದೇನು ಅಂದರೆ, ಡೆಬಿಯನ್ನಿನ ಪ್ಯಾಕೇಜ್ ಕಟ್ಟುವ ಸಾಧನಕ್ಕೆ ನಿಮ್ಮ ಪ್ರೋಗ್ರಾಂ ಆ ಯಂತ್ರದಲ್ಲಿ ಕೂರುವುದು ಬೇಕೇ ಇಲ್ಲ. ಅದು ಡೆಬಿಯನ್/ಮಳೆಲೆಕ್ಕ ಅಂತ ಒಂದು ಖಾಲಿ ಫೋಲ್ಡರ್ ಇಟ್ಟುಕೊಂಡು, 'ಇದನ್ನೇ ಸಿಸ್ಟಂನ ಬುಡದ ಫೋಲ್ಡರ್ (/) ಅಂತ ತಿಳಿದು ಎಲ್ಲವನ್ನೂ ಇದರೊಳಗೆ ಜೋಡಿಸು' ಎಂದು ಮೇಕ್‌ಗೆ ಹೇಳುತ್ತದೆ. ಜೋಡಿಸಿದ್ದನ್ನು ಹಾಗೆಯೇ ಕಟ್ಟಿ ಡೆಬ್ ಫೈಲ್ ಮಾಡುತ್ತದೆ. ನಿಮ್ಮ ನಿಯಮ ಆ ಮಾತನ್ನು ಕೇಳಿಸಿಕೊಳ್ಳದೆ ನೇರ /ಯುಎಸ್‌ಆರ್/ಬಿನ್‌ಗೆ ನುಗ್ಗಿತು. ಸಾಮಾನ್ಯ ಬಳಕೆದಾರನಿಗೆ ಅಲ್ಲಿ ಬರೆಯಲು ಅನುಮತಿ ಇಲ್ಲ, ಅದಕ್ಕೇ ಮೊದಲ ತಪ್ಪು. (ಫೇಕ್‌ರೂಟ್ ಇದ್ದರೂ ಅಷ್ಟೇ. ಅದು ರೂಟ್ ವೇಷ ಹಾಕಿಸುತ್ತದೆ, ಅಧಿಕಾರ ಕೊಡುವುದಿಲ್ಲ.) ಸುಡೋ ಹಾಕಿದಾಗ ಅನುಮತಿ ಸಿಕ್ಕಿ ಫೈಲುಗಳೆಲ್ಲ ತಮ್ಮನ ನಿಜವಾದ ಸಿಸ್ಟಂಗೆ ಹೋದವು, ಜೋಡಿಸಬೇಕಿದ್ದ ಫೋಲ್ಡರ್ ಖಾಲಿಯೇ ಉಳಿಯಿತು. ಪ್ಯಾಕೇಜಿನಲ್ಲಿ ಚೇಂಜ್‌ಲಾಗ್, ಕಾಪಿರೈಟ್ ಬಿಟ್ಟು ಬೇರೆ ಏನೂ ಇರಲು ಸಾಧ್ಯವಿಲ್ಲ.

ಆತ ಪ್ಯಾಕೇಜನ್ನು ಬಿಚ್ಚಿ ನೋಡಿದ್ದು ಒಳ್ಳೆಯದಾಯಿತು. ಅದೇ ಯಂತ್ರದಲ್ಲಿ ಹಾಕಿ ಪರೀಕ್ಷೆ ಮಾಡಿದ್ದರೆ ಮಳೆಲೆಕ್ಕ ಚೆನ್ನಾಗಿಯೇ ಓಡುತ್ತಿತ್ತು, ಏಕೆಂದರೆ ಸುಡೋ ಅದನ್ನು ಆಗಲೇ ಒಳಗೆ ಕೂರಿಸಿತ್ತು! ಖಾಲಿ ಪ್ಯಾಕೇಜ್ ಊರೆಲ್ಲ ಹಂಚಿದ ಮೇಲೆ ಗೊತ್ತಾಗುತ್ತಿತ್ತು.

ಇದಕ್ಕೆಲ್ಲ ಮದ್ದು ಎರಡು ವೇರಿಯಬಲ್. ಒಂದು ಪ್ರಿಫಿಕ್ಸ್, ಇನ್ನೊಂದು ಡೆಸ್ಟ್‌ಡಿರ್. ಇವೆರಡನ್ನು ಅದಲುಬದಲು ಮಾಡಿಕೊಳ್ಳದವರನ್ನು ನಾನು ಕಂಡಿದ್ದು ಕಡಿಮೆ, ಆದ್ದರಿಂದ ತುಸು ನಿಧಾನವಾಗಿ ಹೇಳುತ್ತೇನೆ. ಕುಶಾಲನಗರದ ಕ್ಯೂರಿಂಗ್ ವರ್ಕ್ಸ್ ನೋಡಿದ್ದೀರಲ್ಲ. ಹದ ಮಾಡಿದ ಕಾಫಿಯನ್ನು ಚೀಲ ತುಂಬಿ ಗೋದಾಮಿನಲ್ಲಿ ಅಟ್ಟಿ ಹಾಕುತ್ತಾರೆ. ಚೀಲದ ಮೇಲೆ ಬರೆಯುವುದು ಅದು ಹೋಗಿ ಸೇರಬೇಕಾದ ಕಡೆಯ ವಿಳಾಸವನ್ನು. ಗೋದಾಮಿನ ಯಾವ ಮೂಲೆಯಲ್ಲಿ ಅಟ್ಟಿ ಹಾಕಿದ್ದೇವೆ ಅನ್ನುವುದನ್ನು ಚೀಲದ ಮೇಲೆ ಬರೆಯುವುದಿಲ್ಲ. ಪ್ರಿಫಿಕ್ಸ್ ಅಂದರೆ ಸೇರಬೇಕಾದ ವಿಳಾಸ. ಡೆಸ್ಟ್‌ಡಿರ್ ಅಂದರೆ ಸದ್ಯಕ್ಕೆ ಅಟ್ಟಿ ಹಾಕಿದ ಗೋದಾಮು. ಪ್ರೋಗ್ರಾಮಿನ ಒಳಗೆ ಪ್ರಿಫಿಕ್ಸ್ ಅಚ್ಚಾಗಬಹುದು, ಡೆಸ್ಟ್‌ಡಿರ್ ಎಂದೂ ಅಚ್ಚಾಗಬಾರದು.

ನಿಮ್ಮ ನಿಯಮವನ್ನು ಹೀಗೆ ತಿದ್ದಿ. ಅಂಕಣದ ರೂಢಿಯಂತೆ ಎಲ್ಲವನ್ನೂ ಕನ್ನಡ ಲಿಪಿಯಲ್ಲೇ ಬರೆಯುತ್ತಿದ್ದೇನೆ. ಟೈಪ್ ಮಾಡುವಾಗ ಡೆಸ್ಟ್‌ಡಿರ್ ಪೂರ್ತಿ ದೊಡ್ಡಕ್ಷರ, ಉಳಿದದ್ದೆಲ್ಲ ಸಣ್ಣಕ್ಷರ.

ಪ್ರಿಫಿಕ್ಸ್ = /ಯುಎಸ್‌ಆರ್/ಲೋಕಲ್
ಬಿನ್‌ಡಿರ್ = $(ಪ್ರಿಫಿಕ್ಸ್)/ಬಿನ್
ಮ್ಯಾನ್‌ಡಿರ್ = $(ಪ್ರಿಫಿಕ್ಸ್)/ಶೇರ್/ಮ್ಯಾನ್
ಸಿಸ್‌ಕಾನ್ಫ್‌ಡಿರ್ = $(ಪ್ರಿಫಿಕ್ಸ್)/ಇಟಿಸಿ

ಇನ್‌ಸ್ಟಾಲ್: ಆಲ್
    ಇನ್‌ಸ್ಟಾಲ್ -ಡಿ $(ಡೆಸ್ಟ್‌ಡಿರ್)$(ಬಿನ್‌ಡಿರ್)
    ಇನ್‌ಸ್ಟಾಲ್ -ಡಿ $(ಡೆಸ್ಟ್‌ಡಿರ್)$(ಮ್ಯಾನ್‌ಡಿರ್)/ಮ್ಯಾನ್1
    ಇನ್‌ಸ್ಟಾಲ್ -ಡಿ $(ಡೆಸ್ಟ್‌ಡಿರ್)$(ಸಿಸ್‌ಕಾನ್ಫ್‌ಡಿರ್)
    ಇನ್‌ಸ್ಟಾಲ್ -ಎಮ್ 755 ಮಳೆಲೆಕ್ಕ $(ಡೆಸ್ಟ್‌ಡಿರ್)$(ಬಿನ್‌ಡಿರ್)/
    ಇನ್‌ಸ್ಟಾಲ್ -ಎಮ್ 644 ಮಳೆಲೆಕ್ಕ.1 $(ಡೆಸ್ಟ್‌ಡಿರ್)$(ಮ್ಯಾನ್‌ಡಿರ್)/ಮ್ಯಾನ್1/
    ಇನ್‌ಸ್ಟಾಲ್ -ಎಮ್ 644 ಮಳೆಲೆಕ್ಕ.ಕಾನ್ಫ್ $(ಡೆಸ್ಟ್‌ಡಿರ್)$(ಸಿಸ್‌ಕಾನ್ಫ್‌ಡಿರ್)/

ಸಾಲಿನ ಆರಂಭದಲ್ಲಿರುವುದು ಟ್ಯಾಬ್, ಸ್ಪೇಸ್ ಅಲ್ಲ. ಸ್ಪೇಸ್ ಹಾಕಿದರೆ 'ಮಿಸ್ಸಿಂಗ್ ಸೆಪರೇಟರ್' ಎಂದು ಗೊಣಗುತ್ತದೆ. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಮೇಕ್ ಬರೆದಾಗಿನಿಂದ ಇರುವ ಕಿರಿಕಿರಿ ಇದು, ನಾವು ಬದಲಾಯಿಸಲಾಗದು.

ಡೆಸ್ಟ್‌ಡಿರ್‌ಗೂ ಬಿನ್‌ಡಿರ್‌ಗೂ ನಡುವೆ ಓರೆಗೆರೆ (/) ಇಲ್ಲದಿರುವುದನ್ನು ಗಮನಿಸಿ. ಬಿನ್‌ಡಿರ್ ತಾನೇ ಓರೆಗೆರೆಯಿಂದ ಶುರುವಾಗುತ್ತದೆ. ಡೆಸ್ಟ್‌ಡಿರ್‌ಗೆ ನಾನು ಎಲ್ಲೂ ಬೆಲೆ ಕೊಟ್ಟಿಲ್ಲ, ನೀವೂ ಕೊಡಬೇಡಿ. ಖಾಲಿ ಇದ್ದರೆ ಫೈಲುಗಳು ನೇರ ಸಿಸ್ಟಂಗೆ ಹೋಗುತ್ತವೆ, ನಿಮ್ಮ ಹಳೆಯ ಅಭ್ಯಾಸ ಹಾಗೇ ನಡೆಯುತ್ತದೆ. ಪ್ಯಾಕೇಜ್ ಕಟ್ಟುವವರು ಅದಕ್ಕೆ ಫೋಲ್ಡರಿನ ಹೆಸರು ಕೊಡುತ್ತಾರೆ. ಡೆಬಿಯನ್ನಿನ ಪ್ಯಾಕೇಜ್ ಕಟ್ಟುವ ಸಾಧನ ಡೆಬ್‌ಹೆಲ್ಪರ್ ತಾನಾಗಿಯೇ ಕೊಡುತ್ತದೆ, ಫೆಡೋರಾದ ಮೇಕ್_ಇನ್‌ಸ್ಟಾಲ್ ಮ್ಯಾಕ್ರೋ ಬಿಲ್ಡ್‌ರೂಟ್ ಅನ್ನುವ ತನ್ನ ಜೋಡಿಸುವ ಫೋಲ್ಡರನ್ನು ಕೊಡುತ್ತದೆ, ಆರ್ಚ್‌ನಲ್ಲಿ ಪ್ಯಾಕೇಜರ್ ಪಿಕೆಜಿಡಿರ್ ಅಂತ ಬರೆಯುತ್ತಾರೆ. ಮೂರು ಬಳಗದವರೂ ಒಂದೇ ಹೆಸರಿನ ವೇರಿಯಬಲ್ ಹುಡುಕುತ್ತಾರೆ ಅನ್ನುವುದೇ ಇದರ ಬಲ. ನೀವು ಚಂದ ಕಾಣಲಿ ಅಂತ ಅದಕ್ಕೆ ಬೇರೆ ಹೆಸರು ಇಟ್ಟರೆ ಕೆಟ್ಟಿರಿ.

ಪ್ರಿಫಿಕ್ಸ್ ವಿಷಯದಲ್ಲಿ ಅಷ್ಟು ಒಗ್ಗಟ್ಟಿಲ್ಲ. ಗ್ನೂ ಕೋಡಿಂಗ್ ಸ್ಟಾಂಡರ್ಡ್ಸ್ ಸಣ್ಣಕ್ಷರದಲ್ಲಿ ಬರೆಯುತ್ತದೆ, ಎಷ್ಟೋ ಸಣ್ಣ ಪ್ರಾಜೆಕ್ಟುಗಳು ದೊಡ್ಡಕ್ಷರದಲ್ಲಿ. ಮೇಕ್‌ಗೆ ಇವೆರಡು ಬೇರೆ ಬೇರೆ. ತಪ್ಪಾದ ಅಕ್ಷರದಲ್ಲಿ ಕೊಟ್ಟರೆ ಅದು ಚಕಾರ ಎತ್ತದೆ ಹಳೆಯ ಬೆಲೆಯಲ್ಲೇ ಮುಂದುವರಿಯುತ್ತದೆ. ನಾನು ಸಣ್ಣಕ್ಷರದ ಪರ. ಯಾವುದಾದರೂ ಇಡಿ, ರೀಡ್‌ಮಿಯಲ್ಲಿ ಒಂದು ಸಾಲು ಬರೆದಿಡಿ.

'ನಾನು /ಯುಎಸ್‌ಆರ್ ಅಂತಲೇ ಇಟ್ಟರೆ ಏನು?' ಅಂತ ಕೇಳುತ್ತೀರಿ. ಲಿನಕ್ಸ್ ಲೋಕದಲ್ಲಿ ಒಂದು ಹಳೆಯ ಒಪ್ಪಂದವಿದೆ, ಫೈಲ್‌ಸಿಸ್ಟಂ ಹೈರಾರ್ಕಿ ಸ್ಟಾಂಡರ್ಡ್, ಅದರ 3.0 ಆವೃತ್ತಿ 2015ರಲ್ಲಿ ಬಂತು. ಅದರ ಪ್ರಕಾರ /ಯುಎಸ್‌ಆರ್ ಪ್ಯಾಕೇಜ್ ಮ್ಯಾನೇಜರಿನ ಜಾಗ, /ಯುಎಸ್‌ಆರ್/ಲೋಕಲ್ ಆ ಯಂತ್ರದ ಯಜಮಾನ ಕೈಯಾರೆ ಹಾಕಿಕೊಳ್ಳುವುದಕ್ಕೆ. ಕೈಯಿಂದ ಕಟ್ಟುವವನಿಗೆ ಲೋಕಲ್ ಸರಿ, ಆದ್ದರಿಂದ ಡಿಫಾಲ್ಟ್ ಅದೇ ಇರಲಿ. ಪ್ಯಾಕೇಜ್ ಕಟ್ಟುವವನು 'ಪ್ರಿಫಿಕ್ಸ್=/ಯುಎಸ್‌ಆರ್' ಅಂತ ಕಮಾಂಡ್ ಸಾಲಿನಲ್ಲಿ ಹೇಳುತ್ತಾನೆ, ಅದು ಫೈಲಿನೊಳಗಿನ ಬೆಲೆಯನ್ನು ಮೀರುತ್ತದೆ. ಹೇಳಲು ಮರೆತು ಫೈಲುಗಳು ಲೋಕಲ್‌ಗೆ ಹೋದರೆ ಡೆಬಿಯನ್ನಿನಲ್ಲಿ ಡಿಎಚ್_ಯುಎಸ್‌ಆರ್‌ಲೋಕಲ್ ಎಂಬ ಕಾವಲುಗಾರ ತಡೆದು ನಿಲ್ಲಿಸುತ್ತಾನೆ.

ಸಿಸ್‌ಕಾನ್ಫ್‌ಡಿರ್ ಒಂದು ಸಣ್ಣ ಬಲೆ. ಪ್ರಿಫಿಕ್ಸ್ ಅನ್ನು /ಯುಎಸ್‌ಆರ್ ಮಾಡಿದ ಕೂಡಲೇ ಅದು /ಯುಎಸ್‌ಆರ್/ಇಟಿಸಿ ಆಗಿಬಿಡುತ್ತದೆ, ಡೆಬಿಯನ್ನಿನಲ್ಲಿ ಸೆಟ್ಟಿಂಗ್ಸ್ ಇರಬೇಕಾದ ಜಾಗ ಅದಲ್ಲ. ಅದಕ್ಕೇ ಅದನ್ನು ಬೇರೆ ವೇರಿಯಬಲ್ ಆಗಿ ಇಟ್ಟಿರುವುದು. ಪ್ಯಾಕೇಜರ್ ಅದನ್ನೂ ಪ್ರತ್ಯೇಕವಾಗಿ /ಇಟಿಸಿ ಅಂತ ಕೊಡಬೇಕು.

ಈಗ ನಿಜವಾಗಿ ಎಡವುವ ಕಲ್ಲು. ನಿಮ್ಮ ಪ್ರೋಗ್ರಾಂ ಓಡುವಾಗ ತನ್ನ ಸೆಟ್ಟಿಂಗ್ಸ್ ಫೈಲನ್ನು ಹುಡುಕುತ್ತದೆ, ಇಂಚಿನಲ್ಲಿ ತೋರಿಸಲೋ ಮಿಲಿಮೀಟರಿನಲ್ಲೋ ಎಂದು ತಿಳಿಯಲು. ಆ ಫೈಲಿನ ದಾರಿ ಕಂಪೈಲ್ ಆಗುವಾಗಲೇ ಒಳಗೆ ಅಚ್ಚಾಗುತ್ತದೆ. ಅಂದರೆ ಕಂಪೈಲ್ ಸಾಲಿನಲ್ಲಿ ಸಿಸ್‌ಕಾನ್ಫ್‌ಡಿರ್ ಅನ್ನು ಮ್ಯಾಕ್ರೋ ಆಗಿ ಕಳಿಸಬೇಕು. ಹಾಗಾದರೆ ಕಟ್ಟುವ ಹೊತ್ತಿಗೆ ಒಂದು ಬೆಲೆ, ಇನ್‌ಸ್ಟಾಲ್ ಹೊತ್ತಿಗೆ ಇನ್ನೊಂದು ಬೆಲೆ ಕೊಟ್ಟರೆ ಏನಾಗುತ್ತದೆ? ಪ್ರೋಗ್ರಾಂ /ಯುಎಸ್‌ಆರ್/ಲೋಕಲ್/ಇಟಿಸಿಯಲ್ಲಿ ತಡಕಾಡುತ್ತದೆ, ಫೈಲ್ /ಇಟಿಸಿಯಲ್ಲಿ ಕೂತಿರುತ್ತದೆ. ತಪ್ಪು ಸಂದೇಶವೂ ಇಲ್ಲ, ಸೆಟ್ಟಿಂಗ್ ಮಾತ್ರ ಹಿಡಿಯುವುದಿಲ್ಲ. 'ಮೇಕ್'ಗೂ 'ಮೇಕ್ ಇನ್‌ಸ್ಟಾಲ್'ಗೂ ಒಂದೇ ಪ್ರಿಫಿಕ್ಸ್, ಒಂದೇ ಸಿಸ್‌ಕಾನ್ಫ್‌ಡಿರ್ ಕೊಡಬೇಕು ಅನ್ನುವುದನ್ನು ತಮ್ಮನಿಗೆ ಒತ್ತಿ ಹೇಳಿ.

ಡೆಸ್ಟ್‌ಡಿರ್ ಆದರೆ ಇನ್‌ಸ್ಟಾಲ್ ಮತ್ತು ಅನ್‌ಇನ್‌ಸ್ಟಾಲ್ ನಿಯಮಗಳಲ್ಲಿ ಬಿಟ್ಟು ಮೇಕ್‌ಫೈಲಿನಲ್ಲಿ ಇನ್ನೆಲ್ಲೂ ಕಾಣಿಸಬಾರದು. 'ಡೆಸ್ಟ್‌ಡಿರ್ ಯಾಕೆ, ಪ್ರಿಫಿಕ್ಸ್ ಅನ್ನೇ ಆ ಫೋಲ್ಡರಿಗೆ ತಿರುಗಿಸಿದರೆ ಆಯಿತಲ್ಲ' ಅನ್ನುವ ಅಡ್ಡದಾರಿ ಆರ್‌ಪಿಎಂ (ಫೆಡೋರಾ ಬಳಗದ ಪ್ಯಾಕೇಜ್ ಬಗೆ) ಲೋಕದಲ್ಲಿ ಹಿಂದೆ ಬಳಕೆಯಲ್ಲಿತ್ತು. ಗೋದಾಮಿನ ಹೆಸರು ಚೀಲದ ಮೇಲೆ ಬೀಳುವುದು ಹೀಗೆಯೇ. ಇನ್‌ಸ್ಟಾಲ್ ಹೊತ್ತಿನಲ್ಲಿ ತಯಾರಾಗುವ ಫೈಲುಗಳಲ್ಲಿ ಕಟ್ಟಿದ ಯಂತ್ರದ ತಾತ್ಕಾಲಿಕ ಫೋಲ್ಡರಿನ ಹೆಸರು ಸೇರಿಕೊಳ್ಳುತ್ತದೆ. ಈಗ ಆರ್‌ಪಿಎಂ, ಫೈಲುಗಳೊಳಗೆ ಬಿಲ್ಡ್‌ರೂಟಿನ ಹೆಸರು ಸಿಕ್ಕರೆ ಪ್ಯಾಕೇಜ್ ಕಟ್ಟುವುದನ್ನೇ ನಿಲ್ಲಿಸುತ್ತದೆ.

ಸಿಪಿ ತಪ್ಪೇ ಅಂದಿರಿ. ಪಾಪ ಅಲ್ಲ, ಆದರೆ ಇನ್‌ಸ್ಟಾಲ್ ಅನ್ನುವ ಕಮಾಂಡ್ ಇರುವಾಗ ಸಿಪಿಗೆ ಹೋಗುವ ಕಾರಣವಿಲ್ಲ. ಸಿಪಿ ಹೊಸ ಫೈಲಿಗೆ ಅನುಮತಿ ಕೊಡುವಾಗ ನಿಮ್ಮ ಯುಮಾಸ್ಕ್ (ಹೊಸ ಫೈಲಿಗೆ ಯಾವ ಅನುಮತಿ ಕೊಡಬಾರದು ಎಂಬ ಸೆಟ್ಟಿಂಗ್) ನೋಡುತ್ತದೆ. ಯಾರೋ ಎಚ್ಚರಿಕೆಯವರು ಅದನ್ನು 077 ಇಟ್ಟಿದ್ದರೆ ಮ್ಯಾನ್ ಪುಟವನ್ನು ರೂಟ್ ಬಿಟ್ಟು ಯಾರೂ ಓದಲಾಗದು. ಇನ್‌ಸ್ಟಾಲ್‌ಗೆ 644 (ಮಾಲೀಕ ಬರೆಯಬಹುದು, ಎಲ್ಲರೂ ಓದಬಹುದು) ಅಂದರೆ 644. ಎರಡನೆಯದು ಇನ್ನೂ ಮುಖ್ಯ. ಹಳೆಯ ಫೈಲ್ ಇದ್ದರೆ ಸಿಪಿ ಅದರ ಮೇಲೆಯೇ ಬರೆಯುತ್ತದೆ. ಆ ಪ್ರೋಗ್ರಾಂ ಆಗ ಓಡುತ್ತಿದ್ದರೆ 'ಟೆಕ್ಸ್ಟ್ ಫೈಲ್ ಬಿಝಿ' ಎಂದು ನಿಲ್ಲುತ್ತದೆ, ಲೈಬ್ರರಿಯಾಗಿದ್ದರೆ ಅದನ್ನು ಬಳಸುತ್ತಿರುವ ಪ್ರೋಗ್ರಾಮುಗಳು ಧೊಪ್ಪೆಂದು ಬೀಳಬಹುದು. ಇನ್‌ಸ್ಟಾಲ್ ಹಳೆಯದನ್ನು ಮೊದಲು ಕಳಚಿ ಹೊಸದನ್ನು ಬೇರೆಯಾಗಿ ಇಡುತ್ತದೆ, ಓಡುತ್ತಿರುವುದು ಹಳೆಯ ಪ್ರತಿಯನ್ನೇ ಹಿಡಿದುಕೊಂಡು ಓಡುತ್ತಿರುತ್ತದೆ. ಸಿಪಿ -ಎ ಅಂತೂ ಬೇಡವೇ ಬೇಡ, ನಿಮ್ಮ ಯಂತ್ರದ ಮಾಲೀಕತ್ವ, ಅನುಮತಿ ಎಲ್ಲವನ್ನೂ ಹೊತ್ತುಕೊಂಡು ಹೋಗುತ್ತದೆ.

ಬೇಕಾದ ಫೋಲ್ಡರುಗಳನ್ನು ತಾನೇ ಮಾಡಿಕೊಳ್ಳುವ ದೊಡ್ಡಕ್ಷರದ -ಡಿ ಕೂಡ ಇದೆ, ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಆದರೆ ಅದು ಗ್ನೂ ಇನ್‌ಸ್ಟಾಲಿನದ್ದು, ಫ್ರೀಬಿಎಸ್‌ಡಿಯಲ್ಲಿ ಅದೇ ಅಕ್ಷರಕ್ಕೆ ಬೇರೆ ಅರ್ಥ. ಸಣ್ಣಕ್ಷರದ -ಡಿಯಿಂದ ಮೊದಲು ಫೋಲ್ಡರ್ ಮಾಡಿಕೊಂಡರೆ ಎಲ್ಲ ಕಡೆ ನಡೆಯುತ್ತದೆ. ಫೈಲಿನ ಗಾತ್ರ ಇಳಿಸಲು -ಎಸ್ ಹಾಕುವ ಆಸೆ ಬಂದರೆ ತಡೆದುಕೊಳ್ಳಿ. ಡೀಬಗ್ ಮಾಹಿತಿಯನ್ನು ಬೇರ್ಪಡಿಸಿ ಬೇರೆ ಪ್ಯಾಕೇಜಿನಲ್ಲಿ ಇಡುವ ಕೆಲಸವನ್ನು ಡೆಬಿಯನ್, ಫೆಡೋರಾ ತಾವೇ ಮಾಡುತ್ತವೆ. ನೀವು ಮೊದಲೇ ಸವರಿ ಹಾಕಿದರೆ ಅವರಿಗೆ ಬೇರ್ಪಡಿಸಲು ಏನೂ ಉಳಿಯುವುದಿಲ್ಲ.

ನಿಮ್ಮ ಮೂರನೆಯ ಸಾಲು, 'ಇಲ್ಲದಿದ್ದರೆ ಮಾತ್ರ ಸೆಟ್ಟಿಂಗ್ಸ್ ಫೈಲ್ ಹಾಕು' ಅನ್ನುವುದು. ಬಳಕೆದಾರ ತಿದ್ದಿಕೊಂಡದ್ದನ್ನು ಅಳಿಸಬಾರದು ಎಂಬ ಕಾಳಜಿ ಮೆಚ್ಚಿದೆ. ಆದರೆ ಆ ಸಾಲು ನೋಡುವುದು ಕಟ್ಟುವ ಯಂತ್ರದ /ಇಟಿಸಿಯನ್ನು. ತಮ್ಮನ ಯಂತ್ರದಲ್ಲಿ ಸುಡೋ ಪ್ರಯೋಗದಿಂದ ಆ ಫೈಲ್ ಆಗಲೇ ಕೂತಿದೆ. ಇನ್ನು ಅಲ್ಲಿ ಎಷ್ಟು ಸಲ ಪ್ಯಾಕೇಜ್ ಕಟ್ಟಿದರೂ 'ಇದೆಯಲ್ಲ' ಅಂದುಕೊಂಡು ಪ್ಯಾಕೇಜಿಗೆ ಹಾಕುವುದೇ ಇಲ್ಲ. ಸುಮ್ಮನೆ ಯಾವಾಗಲೂ ಹಾಕಿ. ಕಾಪಾಡುವ ಕೆಲಸ ಪ್ಯಾಕೇಜ್ ಮ್ಯಾನೇಜರಿನದು. ಡೆಬ್‌ಹೆಲ್ಪರ್ /ಇಟಿಸಿಯ ಕೆಳಗಿನ ಫೈಲುಗಳನ್ನು ತಾನಾಗಿಯೇ ಕಾನ್ಫ್‌ಫೈಲ್ ಅಂತ ಗುರುತು ಮಾಡುತ್ತದೆ, ಬಳಕೆದಾರನೂ ತಿದ್ದಿ, ಹೊಸ ಆವೃತ್ತಿಯಲ್ಲೂ ಆ ಫೈಲ್ ಬದಲಾಗಿದ್ದರೆ ಅಪ್‌ಗ್ರೇಡ್ ಹೊತ್ತಿನಲ್ಲಿ ಡೆಬಿಯನ್ನಿನ ಪ್ಯಾಕೇಜ್ ಮ್ಯಾನೇಜರ್ ಡಿಪಿಕೆಜಿ 'ಯಾವುದನ್ನು ಇಡಲಿ?' ಎಂದು ಕೇಳುತ್ತದೆ.

ಹೋಮ್ ಫೋಲ್ಡರಿನ ಸಾಲನ್ನು ಅಳಿಸಿ. ಪ್ಯಾಕೇಜ್ ಕಟ್ಟುವ ಯಂತ್ರಕ್ಕೆ ಯಾರ ಮನೆ ಅಂತ ಗೊತ್ತು? ಪ್ರೋಗ್ರಾಂ ಮೊದಲ ಸಲ ಓಡಿದಾಗ ತಾನೇ ಜಾಗ ಮಾಡಿಕೊಳ್ಳಲಿ. ಮುಂದೆ ಲೈಬ್ರರಿ ಸೇರಿಸಿದಾಗ ಎಲ್‌ಡಿಕಾನ್ಫಿಗ್, ಐಕಾನ್ ಸೇರಿಸಿದಾಗ ಕ್ಯಾಶ್ ನವೀಕರಣ, ಸರ್ವಿಸ್ ಮಾಡಿದಾಗ ಸಿಸ್ಟಂಸಿಟಿಎಲ್ ಅಂತ ಒಂದೊಂದೇ ಸಾಲು ಈ ನಿಯಮಕ್ಕೆ ಅಂಟಿಸುವ ಮನಸ್ಸಾಗುತ್ತದೆ. ಅವೆಲ್ಲ ಓಡುತ್ತಿರುವ ಸಿಸ್ಟಂಗೆ ಸಂಬಂಧಿಸಿದವು, ಪ್ಯಾಕೇಜ್ ಹಾಕಿಕೊಳ್ಳುವವರ ಯಂತ್ರದಲ್ಲಿ ಆಗಬೇಕಾದವು. ಡೆಸ್ಟ್‌ಡಿರ್ ಖಾಲಿ ಇದ್ದಾಗ ಮಾತ್ರ ಓಡಿಸುವ ಷರತ್ತು ಹಾಕಬಹುದು, ಹಾಕದೆ ರೀಡ್‌ಮಿಯಲ್ಲಿ ಬರೆದರೆ ಇನ್ನೂ ಒಳ್ಳೆಯದು.

ಅನುವಾದದ ಲೂಪಿನ ಬಗ್ಗೆ ನನ್ನದೇ ಕತೆ ಹೇಳುತ್ತೇನೆ. ಒಂದು ಕಚೇರಿಗೆ ಪ್ಯಾಕೇಜ್ ಕಟ್ಟಿಕೊಟ್ಟಿದ್ದೆ. ಜುಲೈ ತಿಂಗಳು, ಮಡಿಕೇರಿಯಲ್ಲಿ ಕರೆಂಟ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಯುಪಿಎಸ್ ಕೂಗುತ್ತಿರುವಾಗ ಗಡಿಬಿಡಿಯಲ್ಲಿ ಕಟ್ಟಿ ಕಳಿಸಿದೆ. ತಿಂಗಳ ಮೇಲೆ ಫೋನ್ ಬಂತು, 'ಕನ್ನಡ ಕಾಣುತ್ತಿಲ್ಲ, ಇಂಗ್ಲಿಷ್ ಮಾತ್ರ' ಅಂತ. ನನ್ನ ಲೂಪಿನಲ್ಲಿ ಹಿಂದಿ, ಕನ್ನಡ, ತಮಿಳು ಅಂತ ಮೂರು ಫೈಲ್. ಕನ್ನಡದ ಎಂಒ ಫೈಲ್ (ಪ್ರೋಗ್ರಾಂ ಓದುವ ರೂಪದ ಅನುವಾದ) ತಯಾರಾಗಿರಲೇ ಇಲ್ಲ, ಇನ್‌ಸ್ಟಾಲ್ ತಪ್ಪು ಹೇಳಿತ್ತು. ಆದರೆ ಶೆಲ್ ಲೂಪು ಮೇಕ್‌ಗೆ ಒಪ್ಪಿಸುವುದು ಕೊನೆಯ ಸುತ್ತಿನ ಫಲಿತಾಂಶವನ್ನು ಮಾತ್ರ. ತಮಿಳು ಸರಿಯಾಗಿ ಹೋಗಿದ್ದರಿಂದ ಎಲ್ಲವೂ ಸರಿ ಎಂದು ಮೇಕ್ ನಂಬಿತು. ಅವತ್ತಿನಿಂದ ಲೂಪಿನ ಒಳಗಿನ ಪ್ರತಿ ಕಮಾಂಡಿನ ನಂತರ '|| ಎಕ್ಸಿಟ್ 1' ಬರೆಯದೆ ಬಿಟ್ಟಿಲ್ಲ. ನಿಮ್ಮ ಲೂಪಿನಲ್ಲಿ ಅದಿಲ್ಲ, ಸೇರಿಸಿ. ಕನ್ನಡದ ಎಂಒ ಫೈಲ್ ಹೋಗಬೇಕಾದದ್ದು ಪ್ರಿಫಿಕ್ಸಿನ ಕೆಳಗೆ ಶೇರ್/ಲೊಕೇಲ್/ಕೆಎನ್/ಎಲ್‌ಸಿ_ಮೆಸೇಜಸ್ (ಈ ಕೊನೆಯದು ದೊಡ್ಡಕ್ಷರ) ಫೋಲ್ಡರಿಗೆ, ಅದನ್ನು ಲೊಕೇಲ್‌ಡಿರ್ ಅಂತ ಇನ್ನೊಂದು ವೇರಿಯಬಲ್ ಮಾಡಿ.

ಎರಡು ಸಣ್ಣ ಮಾತು. ಇನ್‌ಸ್ಟಾಲ್ ಅನ್ನು .ಫೋನಿ (ಇದೂ ದೊಡ್ಡಕ್ಷರ) ಸಾಲಿನಲ್ಲಿ ಸೇರಿಸಿ, ಇಲ್ಲದಿದ್ದರೆ ಫೋಲ್ಡರಿನಲ್ಲಿ ಅದೇ ಹೆಸರಿನ ಫೈಲ್ ಇದ್ದರೆ 'ಆಗಲೇ ಆಗಿದೆ' ಎಂದು ಮೇಕ್ ಕೈಚೆಲ್ಲಬಹುದು. ಇನ್ನು ಸುಡೋ ಮಾಡುವ ಮೊದಲು ಸುಡೋ ಇಲ್ಲದೆ ಒಮ್ಮೆ ಮೇಕ್ ಮುಗಿಸಿಕೊಳ್ಳಿ. ಇಲ್ಲದಿದ್ದರೆ ಕಂಪೈಲನ್ನೂ ರೂಟ್ ಮಾಡಿ, ಆಬ್ಜೆಕ್ಟ್ ಫೈಲುಗಳು ರೂಟಿನ ಹೆಸರಿಗೆ ಹೋಗಿ, ನಾಳೆ ಮತ್ತೆ ಮೇಕ್ ಮಾಡುವಾಗ ತೊಂದರೆ ಕೊಡಬಹುದು.

ಅನ್‌ಇನ್‌ಸ್ಟಾಲ್ ನಿಯಮ ನೀವು ಬರೆದಿಲ್ಲ. ಪ್ಯಾಕೇಜಿಗೆ ಅದು ಬೇಕಾಗಿಲ್ಲ, ಕೈಯಿಂದ ಹಾಕಿಕೊಳ್ಳುವವರಿಗೆ ಬೇಕು. ಬರೆಯುವುದಾದರೆ ಹಾಕಿದ ಫೈಲುಗಳನ್ನು ಹೆಸರು ಹಿಡಿದು ಒಂದೊಂದಾಗಿ ಆರ್‌ಎಂ -ಎಫ್ ಮಾಡಿ. ಫೋಲ್ಡರಿಗೇ ಆರ್‌ಎಂ -ಆರ್‌ಎಫ್ ಹಚ್ಚಬೇಡಿ. 2011ರಲ್ಲಿ ಬಂಬಲ್‌ಬೀ ಅನ್ನುವ ಗ್ರಾಫಿಕ್ಸ್ ಸಾಧನದ ಇನ್‌ಸ್ಟಾಲ್ ಸ್ಕ್ರಿಪ್ಟಿನಲ್ಲಿ ಒಂದು ಆರ್‌ಎಂ -ಆರ್‌ಎಫ್ ಸಾಲಿತ್ತು. /ಯುಎಸ್‌ಆರ್ ಆದ ಮೇಲೆ ಕಣ್ತಪ್ಪಿ ಒಂದು ಸ್ಪೇಸ್ ಬಿದ್ದಿತ್ತು, ಅಷ್ಟೇ. ಓಡಿಸಿದವರ /ಯುಎಸ್‌ಆರ್ ಪೂರ್ತಿ ಖಾಲಿ. ವೇರಿಯಬಲ್ ಖಾಲಿ ಇದ್ದಾಗಲೂ ಇದೇ ಗತಿ.

ತಮ್ಮನ ಕಡೆಯ ಕೆಲಸ ಈಗ ಹಗುರ. ಡೆಬಿಯನ್/ರೂಲ್ಸ್ ಫೈಲಿನಲ್ಲಿ ಡಿಎಚ್_ಆಟೋ_ಬಿಲ್ಡ್ ಮತ್ತು ಡಿಎಚ್_ಆಟೋ_ಇನ್‌ಸ್ಟಾಲ್ ಎರಡಕ್ಕೂ ಓವರ್‌ರೈಡ್ ಬರೆದು, ಎರಡರಲ್ಲೂ ಎರಡು ಅಡ್ಡಗೆರೆಯ (--) ನಂತರ ಪ್ರಿಫಿಕ್ಸ್=/ಯುಎಸ್‌ಆರ್ ಸಿಸ್‌ಕಾನ್ಫ್‌ಡಿರ್=/ಇಟಿಸಿ ಸೇರಿಸಬೇಕು. ಡೆಸ್ಟ್‌ಡಿರ್ ಅದೇ ಕೊಟ್ಟುಕೊಳ್ಳುತ್ತದೆ.

ಅದಕ್ಕೂ ಮೊದಲು ನಿಮ್ಮ ಮನೆಯಲ್ಲೇ ಪರೀಕ್ಷೆ ಮಾಡಿ. ಸುಡೋ ಬೇಡ. ಮೊದಲು ಆ ಎರಡು ಬೆಲೆ ಕೊಟ್ಟು ಮೇಕ್, ಆಮೇಲೆ ಅವೇ ಬೆಲೆಗಳ ಜೊತೆ ಡೆಸ್ಟ್‌ಡಿರ್=/ಟಿಎಂಪಿ/ಅಟ್ಟಿ ಕೊಟ್ಟು ಮೇಕ್ ಇನ್‌ಸ್ಟಾಲ್. ಎಲ್ಲಾದರೂ ಡೆಸ್ಟ್‌ಡಿರ್ ಬರೆಯಲು ಮರೆತಿದ್ದರೆ 'ಪರ್ಮಿಷನ್ ಡಿನೈಡ್' ಆ ಸಾಲನ್ನೇ ಬೆರಳಿಟ್ಟು ತೋರಿಸುತ್ತದೆ. ನಿಮ್ಮ ತಮ್ಮ ಅದನ್ನು ಸುಡೋದಿಂದ ಬಾಯಿ ಮುಚ್ಚಿಸಿದ್ದೇ ಎಡವಟ್ಟಾದದ್ದು. ಮುಗಿದ ಮೇಲೆ ಫೈಂಡ್ ಕಮಾಂಡಿನಿಂದ /ಟಿಎಂಪಿ/ಅಟ್ಟಿಯಲ್ಲಿ ಇರುವ ಫೈಲುಗಳನ್ನು ಪಟ್ಟಿ ಮಾಡಿ, ಪ್ರೋಗ್ರಾಂ, ಮ್ಯಾನ್ ಪುಟ, ಸೆಟ್ಟಿಂಗ್ಸ್, ಕನ್ನಡದ ಎಂಒ, ಇಷ್ಟು ಇರಬೇಕು. ಕೊನೆಗೆ ಗ್ರೆಪ್ -ಆರ್ ಹಚ್ಚಿ ಆ ಫೈಲುಗಳ ಒಳಗೆ '/ಟಿಎಂಪಿ/ಅಟ್ಟಿ' ಎಂಬ ಅಕ್ಷರಗಳು ಇವೆಯೇ ನೋಡಿ. ಸಿಕ್ಕಿದರೆ ಗೋದಾಮಿನ ಹೆಸರು ಚೀಲಕ್ಕೆ ಹತ್ತಿದೆ ಅಂತ ಅರ್ಥ.

ಹೊಸ ಪ್ಯಾಕೇಜನ್ನು ತಮ್ಮ ತನ್ನ ಯಂತ್ರದಲ್ಲಿ ಹಾಕಿ ನೋಡುವ ಮೊದಲು ಹಳೆಯ ಸುಡೋ ಬಿಟ್ಟುಹೋದದ್ದನ್ನು ಕೈಯಿಂದಲೇ ತೆಗೆಯಬೇಕು. ಅವು ಯಾವ ಪ್ಯಾಕೇಜಿನ ಲೆಕ್ಕದಲ್ಲೂ ಇಲ್ಲ, ಆಪ್ಟ್ ರಿಮೂವ್ ಅಂದರೆ ಹೋಗುವುದಿಲ್ಲ. ಡಿಪಿಕೆಜಿ -ಎಸ್ /ಯುಎಸ್‌ಆರ್/ಬಿನ್/ಮಳೆಲೆಕ್ಕ ಅಂತ ಕೇಳಿ ನೋಡಲಿ (ಇಲ್ಲಿನ -ಎಸ್ ದೊಡ್ಡಕ್ಷರ), 'ಇದು ಯಾರದ್ದೋ ಗೊತ್ತಿಲ್ಲ' ಎಂಬ ಅರ್ಥದ ಉತ್ತರ ಬರುತ್ತದೆ. ಆಗ ಅದನ್ನೂ, ಮ್ಯಾನ್ ಪುಟವನ್ನೂ, ಅನುವಾದದ ಫೈಲುಗಳನ್ನೂ, /ಇಟಿಸಿಯ ಸೆಟ್ಟಿಂಗ್ಸ್ ಫೈಲನ್ನೂ, ರೂಟಿನ ಹೋಮ್‌ನಲ್ಲಿ ಹುಟ್ಟಿಕೊಂಡಿರಬಹುದಾದ ಡೇಟಾ ಫೋಲ್ಡರನ್ನೂ ಅಳಿಸಿ, ಆಮೇಲೆ ಪ್ಯಾಕೇಜ್ ಹಾಕಲಿ. ಅದಾದ ಮೇಲೆ ಅದೇ ಪ್ರಶ್ನೆ ಮತ್ತೆ ಕೇಳಿದರೆ 'ಮಳೆಲೆಕ್ಕ' ಎಂದು ಪ್ಯಾಕೇಜಿನ ಹೆಸರು ಬರಬೇಕು.